ಗುರುಪಾದಪ್ಪ ಬಿಟ್ಟ ಮೀನುಗಳು

ಖಾನಾಪುರದ ಗುರುಪಾದಪ್ಪ ಜನ್ಮದಲ್ಲಿ ಮೊಟ್ಟೆ ಕೂಡ ಮುಟ್ಟಿದವನಲ್ಲ. ಬಸ್ಸಿನಲ್ಲಿ ಪಕ್ಕದವನ ಚೀಲದಿಂದ ಒಣಮೀನಿನ ವಾಸನೆ ಬಂದರೆ ಸೀಟು ಬಿಟ್ಟು ಬೆಳಗಾವಿಯ ತನಕ ನಿಂತುಕೊಂಡೇ ಹೋಗುವ ಮನೆತನ ಅವನದು. ಮುಂಜಾನೆ ಲಿಂಗಪೂಜೆ ಆಗದೆ ಬಾಯಿಗೆ ಒಂದು ಗುಟುಕು ಚಹಾ ಬೀಳುತ್ತಿರಲಿಲ್ಲ. ಇಂಥವನಿಗೆ ಸಮುದ್ರದಲ್ಲಿ ಮೀನು ಹಿಡಿಯುವ ಹುಚ್ಚು ಹತ್ತಿತು ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಿ. ನಂಬಿಸಬೇಕೆಂಬ ಆಸೆ ಅವನಿಗೂ ಇರಲಿಲ್ಲ; ಊರಿಗೆ ಗೊತ್ತಾಗದಿರಲಿ ಎಂದೇ ಅವನು ಆ ಲಿಂಗಕ್ಕೇ ದಿನಾ ಕೈ ಮುಗಿಯುತ್ತಿದ್ದ.

ಅವನ ಹೊಟ್ಟೆಪಾಡು ಲೇಥಿನ ಮೇಲೆ. ಬೆಳಿಗ್ಗೆ ರೊಟ್ಟಿಯ ಗಂಟು ಹಿಡಿದು ಬೆಳಗಾವಿಯ ಗಾಡಿ ಹತ್ತುವುದು, ಸಂಜೆ ಮೈತುಂಬ ಕಬ್ಬಿಣದ ಪುಡಿ ಮೆತ್ತಿಕೊಂಡು ಖಾನಾಪುರಕ್ಕೆ ಇಳಿಯುವುದು. ವರ್ಕ್‌ಶಾಪು ಆಗ ಖಡೇಬಜಾರಿನ ಹಿಂದಿನ ಇಕ್ಕಟ್ಟು ಓಣಿಯೊಂದರಲ್ಲಿತ್ತು. ಆಟೋ ನಗರಕ್ಕೆ ಹೋದದ್ದು ಬಹಳ ಆಮೇಲೆ. ಲಾರಿಯ ಬುಶ್ಶು, ನೀರಿನ ಪಂಪಿನ ಶಾಫ್ಟು, ಹಿಟ್ಟಿನ ಗಿರಣಿಯ ರಾಟೆ ಇಂಥವೇ ಬರುತ್ತಿದ್ದವು. ಗೋವಾದವರಿಗೆ ಆ ಕಾಲದಲ್ಲಿ ಎಲ್ಲಕ್ಕೂ ಬೆಳಗಾವಿಯೇ ಬೇಕು, ಕಾಯಿಪಲ್ಲೆಯಿಂದ ಹಿಡಿದು ಮದುವೆ ಬಟ್ಟೆಯ ತನಕ. ಹಾಗೆ ಒಂದು ದಿನ ವಾಸ್ಕೋದಿಂದ ಬಂದವರು ಕಾಯ್ತಾನ ಬಾಬ. ಬಂದರಿನ ದೋಣಿಗಳಿಗೆ ಬಣ್ಣ ಹೊಡೆಸುವ ಗುತ್ತಿಗೆ ಅವರದು. ದಪ್ಪ ಮೈ, ಬಿಸಿಲಿಗೆ ಸುಟ್ಟ ಕುತ್ತಿಗೆ, ಗಟ್ಟಿ ನಗು. ಕರವಸ್ತ್ರದಲ್ಲಿ ಏನನ್ನೋ ಕೂಸಿನ ಹಾಗೆ ಸುತ್ತಿಕೊಂಡು ತಂದಿದ್ದರು.

ಬಿಚ್ಚಿದರೆ ಒಳಗೆ ಹಿತ್ತಾಳೆಯ ಒಂದು ರಾಟೆ. ವಿದೇಶದ್ದು. ಹಿಡಿಕೆ ತಿರುಗಿಸಿದರೆ ದಾರ ಸುತ್ತಿಕೊಳ್ಳಬೇಕು. ಆ ಕಡೆಯಿಂದ ಯಾರಾದರೂ ಜಗ್ಗಿದರೆ ಕರ್ರ್ ಎಂದು ಸದ್ದು ಮಾಡುತ್ತ ಬಿಗಿಯಾಗಿಯೇ ಬಿಚ್ಚಿಕೊಳ್ಳಬೇಕು. ಒಳಗಿನ ಹಲ್ಲಿನ ಗಾಲಿ ಮುರಿದಿತ್ತು.

"ಇದು ಎದಕ್ಕರಿ?" ಎಂದ ಗುರುಪಾದಪ್ಪ.

"ಮೀನು ಹಿಡಿಯುವ ರೀಲು," ಎಂದರು ಕಾಯ್ತಾನ ಬಾಬ. ಅವರದು ಅರ್ಧ ಕೊಂಕಣಿ, ಅರ್ಧ ಮರಾಠಿ. ಖಾನಾಪುರದವರಿಗೆ ಅದೇನೂ ತೊಡಕಿನ ಮಾತಲ್ಲ.

ಮೀನು ಎಂದ ಕೂಡಲೇ ಗುರುಪಾದಪ್ಪ ಕೈ ಹಿಂದಕ್ಕೆ ತೆಗೆದ. ಆದರೆ ಯಂತ್ರ ಕಂಡರೆ ಅವನ ಕೈ ಅವನ ಮಾತು ಕೇಳುವುದಿಲ್ಲ. ಸ್ವಲ್ಪ ಹೊತ್ತು ಅತ್ತ ನೋಡಿದ, ಇತ್ತ ನೋಡಿದ, ಕಡೆಗೆ ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು ಬಿಚ್ಚಲು ಕೂತ. ಮುರಿದ ಗಾಲಿಯ ಅಳತೆ ಹಿಡಿದು ಲೇಥಿನ ಮೇಲೆ ಹೊಸದು ಕಡೆದ. ಎರಡನೆಯ ಸಲಕ್ಕೆ ಅದು ಸರಿಯಾಗಿ ಕೂತಿತು. ಹಿಡಿಕೆ ತಿರುಗಿಸಿದ, ದಾರ ಜಗ್ಗಿದ, ಮತ್ತೆ ತಿರುಗಿಸಿದ. ಆ ಕರ್ರ್ ಸದ್ದು ಅವನಿಗೆ ಯಾಕೋ ಬಹಳ ಹಿಡಿಸಿತು.

"ಎಷ್ಟ ಜಗ್ಗಿದ್ರೂ ತಡೀತೈತೇನ್ರಿ ಇದು?" ಎಂದು ಕೇಳಿದ.

"ಮೇಜಿನ ಮುಂದೆ ಕೂತು ಕೇಳುವ ಪ್ರಶ್ನೆಯಲ್ಲ ಇದು," ಎಂದು ನಕ್ಕರು ಕಾಯ್ತಾನ ಬಾಬ. "ದೀಪಾವಳಿ ಕಳೆದ ಮೇಲೆ ವಾಸ್ಕೋಗೆ ಬಾ. ನನ್ನ ದೋಣಿ ಇದೆ. ನೀನು ಮಾಡಿದ ಗಾಲಿ ಏನು ಮಾಡುತ್ತದೆ ಎಂದು ನಿನ್ನ ಕೈಗೇ ತಿಳಿಯಲಿ."

ಮೂವತ್ತು ದಾಟಿದ್ದರೂ ಗುರುಪಾದಪ್ಪ ಸಮುದ್ರ ನೋಡಿರಲಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಕಾಲೂರಿತ್ತು. ಲೇಥಿನವರಿಗೆ ಊರು ನೋಡುವ ಪುರುಸೊತ್ತು ಎಲ್ಲಿಯದು. ಹೆಂಡತಿ ಗೌರವ್ವನಿಗೆ, "ಗೋವಾದಾಗ ಒಂದ ಮಷೀನ್ ಫಿಟಿಂಗ್ ಐತಿ, ಹೋಗಿ ಬರತೇನಿ" ಎಂದ. ಇದು ಪೂರ್ತಿ ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ರೀಲೂ ಒಂದು ಮಷೀನೇ ತಾನೆ? ಗಂಡಸರು ಹೆಂಡತಿಯ ಮುಂದೆ ಅರ್ಧ ಸತ್ಯ ಹೇಳಿ ಇನ್ನರ್ಧವನ್ನು ಹೀಗೆ ಜೇಬಿನಲ್ಲಿ ಇಟ್ಟುಕೊಳ್ಳುವುದರಲ್ಲಿ ಎತ್ತಿದ ಕೈ.

ದೋಣಿ ದಂಡೆ ಬಿಟ್ಟು ಹೊಳೆಯ ಬಾಯಿ ದಾಟಿದಾಗ ಅವನು ಎರಡೂ ಕೈಯಿಂದ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಊರಿನ ಹೊಳೆ ಮಲಪ್ರಭೆಗೆ ಆಚೆ ದಂಡೆ ಎಂಬುದೊಂದಿದೆ, ಇದಕ್ಕೆ ಇಲ್ಲ. ಕಾಯ್ತಾನ ಬಾಬ ಬಂಡೆಯ ಹತ್ತಿರ ಇಂಜಿನ್ನು ನಿಲ್ಲಿಸಿ, ಗಾಳಕ್ಕೆ ಜೀವಂತ ಸೀಗಡಿ ಚುಚ್ಚಿ ನೀರಿಗೆ ಎಸೆದು ಕೋಲನ್ನು ಅವನ ಕೈಗೆ ಕೊಟ್ಟರು. ಗುರುಪಾದಪ್ಪ ಮೊದಲು ಒಂದು ಕೆಲಸ ಮಾಡಿದ. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯೊಳಗೇ ಸರಿಸಿ ಬೆನ್ನಿಗೆ ಹಾಕಿಕೊಂಡ. ದೇವರಿಗೆ ಇದು ಕಾಣದಿರಲಿ ಎಂದು. ಬೆನ್ನ ಮೇಲೆ ಕೂತ ದೇವರಿಗೆ ಭುಜದ ಮೇಲಿಂದ ಇಣುಕಲು ಬರುವುದಿಲ್ಲವೇ ಎಂದು ಅವನು ಯೋಚಿಸಲಿಲ್ಲ.

ಬಹಳ ಹೊತ್ತು ಏನೂ ಇಲ್ಲ. ಬಿಸಿಲು ನೆತ್ತಿಗೆ ಬಂತು. ಆಮೇಲೆ ದಾರದ ಆ ತುದಿಯಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ ಒಮ್ಮೆ ಟಕ್ ಎಂದಿತು. ಮರುಗಳಿಗೆ ರೀಲು ಕರ್ರ್ ಎಂದು ಅರಚುತ್ತ ದಾರ ಓಡತೊಡಗಿತು. ಗುರುಪಾದಪ್ಪ ಹುಟ್ಟಿದಾಗಿನಿಂದ ಹಿಡಿದದ್ದೆಲ್ಲ ಸತ್ತ ವಸ್ತು: ಕಬ್ಬಿಣ, ಹಿತ್ತಾಳೆ, ಉಕ್ಕು. ಅವನು ತಿರುಗಿಸಿದ ಹಾಗೆ ತಿರುಗುವಂಥವು. ಇದು ಅವನ ಮಾತು ಕೇಳಲಿಲ್ಲ. ಕಣ್ಣಿಗೆ ಕಾಣದ ಒಂದು ಜೀವ ನೀರಿನ ಅಡಿಯಿಂದ ಅವನ ಅಂಗೈಗೆ ಮಾತಾಡುತ್ತಿತ್ತು.

"ಎಳೆಯಬೇಡ. ಓಡಲಿ ಬಿಡು. ಸುಸ್ತಾದಾಗ ಸುತ್ತು," ಎಂದು ಕಾಯ್ತಾನ ಬಾಬ ಹೇಳುತ್ತಲೇ ಇದ್ದರು.

ಮೀನು ದೂರದಲ್ಲಿ ನೀರಿನಿಂದ ಮೇಲೆ ಹಾರಿ ತಲೆ ಕೊಡವಿತು. ಚೊಣಕ ಎಂದರು ಬಾಬ. ಗೋವಾದವರು ತಿನ್ನಲು ಪ್ರಾಣ ಬಿಡುವ ಮೀನಂತೆ. ತೋಳು ಸೋತು, ಬೆವರು ಕಣ್ಣಿಗಿಳಿದು, ಕಡೆಗೆ ಅದು ದೋಣಿಯ ಬಾಜು ಬಂದು ಮಲಗಿದಾಗ ಗುರುಪಾದಪ್ಪ ಬಗ್ಗಿ ನೋಡಿದ. ಹೊಸ ಬೆಳ್ಳಿ ತಾಟಿನ ಹಾಗಿತ್ತು. ಬಾಯಿ ತೆರೆದು ಮುಚ್ಚುತ್ತ ಅವನನ್ನೇ ನೋಡುತ್ತಿತ್ತು. ಬಾಬ ಮೀನಿಗೆ ಚುಚ್ಚಿ ಮೇಲೆಳೆಯುವ ಕೊಕ್ಕೆ ಎತ್ತಿದರು.

"ಬ್ಯಾಡ್ರಿ ಬಾಬ," ಎಂದ ಗುರುಪಾದಪ್ಪ. "ನಿಮ್ಮ ಕಾಲ ಬೀಳತೇನಿ. ಇದನ್ನ ಕೊಲ್ಲೂ ಪಾಪ ನನ್ನ ಕೈಲೆ ಬ್ಯಾಡ."

"ಹುಚ್ಚನೇ, ಇದು ನಾಲ್ಕು ಮನೆಗಾಗುವ ಮೀನು."

"ಆದ್ರ ಆಗ್ಲಿರಿ. ಬಿಡೂಣ್ರಿ."

ಕಾಯ್ತಾನ ಬಾಬ ಒಳ್ಳೆಯ ಮನುಷ್ಯ. ಹೊಟ್ಟೆ ಉರಿಸಿಕೊಂಡೇ ಬಿಡುವ ರೀತಿ ಹೇಳಿಕೊಟ್ಟರು. ಮೊದಲು ಕೈ ನೀರಿನಲ್ಲಿ ತೋಯಿಸು, ಒಣ ಕೈ ತಾಗಿದರೆ ಅದರ ಮೈ ಸುಲಿಯುತ್ತದೆ. ಹೊಟ್ಟೆ ಹಿಚುಕಬೇಡ. ಗಾಳವನ್ನು ಹೋದ ದಾರಿಯಲ್ಲೇ ತಿರುಗಿಸಿ ತೆಗೆ. ತಲೆ ನೀರು ಬರುವ ಕಡೆ ಇರಲಿ, ಉಸಿರು ತಿರುಗುವ ತನಕ ಹಾಗೇ ಹಿಡಿದಿರು. ಗುರುಪಾದಪ್ಪ ಎರಡೂ ಅಂಗೈ ಕೆಳಗೆ ಕೊಟ್ಟು ಹಿಡಿದ. ಅದರ ಮೈಯೊಳಗೆ ಉಸಿರು ಹೋಗಿ ಬರುವುದು ಅವನ ಬೆರಳಿಗೆ ಗೊತ್ತಾಗುತ್ತಿತ್ತು. ಆಮೇಲೆ ಬಾಲ ಒಮ್ಮೆ ಬಲವಾಗಿ ಬೀಸಿತು, ಮುಖದ ಮೇಲೆ ಉಪ್ಪುನೀರು ರಪ್ಪೆಂದು ಬಡಿಯಿತು, ಕೈ ಬರಿದಾಯಿತು. ಆ ಬರಿಗೈಯಲ್ಲಿ ಅವನಿಗೆ ಆದ ಸಂತೋಷ ಮದುವೆಯಲ್ಲೂ ಆಗಿರಲಿಲ್ಲ. ಗೌರವ್ವನಿಗೆ ಕೇಳಿಸಬಾರದು ಅಷ್ಟೇ.

ಅಂದಿನಿಂದ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಗೋವಾದಲ್ಲಿ ಅವನಿಗೊಂದು ಮಷೀನ್ ಫಿಟಿಂಗು ಬರತೊಡಗಿತು. ಬಾಬ ಹಿಡಿದದ್ದು ಬಾಬನ ಮನೆಗೆ, ಗುರುಪಾದಪ್ಪ ಹಿಡಿದದ್ದು ಸಮುದ್ರದ ಮನೆಗೆ. "ಹೋಗಪಾ, ನಿಮ್ಮವ್ವ ಹುಡಕ್ತಿರ್ತಾಳ" ಎಂದು ಒಂದೊಂದಕ್ಕೂ ಹೇಳಿ ಬಿಡುತ್ತಿದ್ದ. ಬಾಬನಿಗೂ ಕ್ರಮೇಣ ಇದರ ರುಚಿ ಹತ್ತಿತು. ಒಂದು ವರ್ಷ ತಾವು ಹಿಡಿದ ದೊಡ್ಡ ಚೊಣಕವನ್ನು ಬಿಟ್ಟು, ಹೆಂಡತಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಪೇಚಾಡಿದರು. ವಾಪಸು ಬರುವಾಗ ಗುರುಪಾದಪ್ಪ ವಾಸ್ಕೋದಲ್ಲಿ ತಲೆಸ್ನಾನ ಮಾಡಿ, ಬೇರೆ ಅಂಗಿ ಹಾಕಿ, ವಿಭೂತಿ ಹಚ್ಚಿ, ಕರಡಿಗೆಯನ್ನು ಎದೆಗೆ ತಂದುಕೊಂಡು ಗಾಡಿ ಹತ್ತುತ್ತಿದ್ದ. ತಪ್ಪು ಕಾಣಿಕೆ ಎಂದು ಮಠದ ಹುಂಡಿಗೆ ಏನಾದರೂ ಹಾಕುತ್ತಿದ್ದ. ಇಷ್ಟೆಲ್ಲ ಜಾಗ್ರತೆ ಮಾಡುವ ಗಂಡಸನ್ನು ಯಾವ ಹೆಂಡತಿ ಅನುಮಾನಿಸುವುದಿಲ್ಲ ಹೇಳಿ.

ಗೌರವ್ವ ಬಾಯಿ ಬಿಡದೆ ನೋಡುತ್ತಲೇ ಇದ್ದಳು. ದಿನಾ ಬೆಳಗಾವಿಯಿಂದ ಮಸಿ ಹಚ್ಚಿಕೊಂಡು ಬರುವವನು ಗೋವಾದಿಂದ ಮಾತ್ರ ಸಾಬೂನಿನ ವಾಸನೆ ಬೀರುತ್ತ ಬರುತ್ತಾನೆ. ಬಂದು ಎಂಟು ದಿನ ತನ್ನಷ್ಟಕ್ಕೆ ನಗುತ್ತಾನೆ. ಆಮೇಲೆ ತಿಂಗಳುಗಟ್ಟಲೆ ಕಿಟಕಿಯಾಚೆ ನೋಡುತ್ತ ಕೂಡುತ್ತಾನೆ. ಐದಾರು ವರ್ಷ ಹೀಗೇ ಕಳೆದ ಮೇಲೆ, ಅವನ ಅಂಗಿ ಒಗೆಯುವಾಗ ತೋಳಿನ ಮಡಿಕೆಯೊಳಗೆ ಅವಳಿಗೆ ಒಂದು ವಸ್ತು ಸಿಕ್ಕಿತು. ಉಗುರಿನಗಲ, ತೆಳ್ಳಗೆ, ದುಂಡಗೆ, ಬಿಸಿಲಿಗೆ ಹಿಡಿದರೆ ಬೆಳ್ಳಿಯ ಹಾಗೆ ಮಿರಮಿರ ಮಿಂಚುವಂಥದ್ದು.

ಅವಳ ಎದೆ ಧಸಕ್ಕೆಂದಿತು. ಚಮಕಿ! ಯಾವಳದೋ ಝಗಮಗ ಕುಪ್ಪಸದ ಚಮಕಿ.

ಅವಳದೇನು ತಪ್ಪು? ಏಳು ತಲೆಮಾರಿನಿಂದ ಮೀನು ಕಣ್ಣೆತ್ತಿ ನೋಡದ ಮನೆಯಲ್ಲಿ ಹುಟ್ಟಿ, ಅಂಥದ್ದೇ ಮನೆಗೆ ಸೊಸೆಯಾಗಿ ಬಂದವಳು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎರಡು ದಿನ ಅತ್ತಳು. ಮೂರನೆಯ ದಿನ ಪಕ್ಕದ ಮನೆಯ ಜುಲೇಖಾಳ ಹತ್ತಿರ ಹೋದಳು. ಜುಲೇಖಾ ಊರಿನ ಹೆಣ್ಣುಮಕ್ಕಳ ಕುಪ್ಪಸ ಹೊಲಿಯುವವಳು. ಚಮಕಿ ನೋಡಿ ಇದು ಎಲ್ಲಿಯ ಅಂಗಡಿಯದು, ಎಂಥ ಹೆಂಗಸು ತೊಡುವಂಥದ್ದು ಎಂದು ಹೇಳಬಲ್ಲವಳು.

ಜುಲೇಖಾ ಅದನ್ನು ತಿರುಗಿಸಿ ನೋಡಿದಳು, ಮೂಸಿ ನೋಡಿದಳು. "ಚಮಕಿ ಅಂದ್ರ ದಾರ ಹಾಕಾಕ ತೂತ ಇರಬೇಕಲ್ಲವಾ ಗೌರಕ್ಕಾ. ತೂತ ಎಲ್ಲೈತಿ ಇದಕ್ಕ?" ಎಂದಳು. ಆಮೇಲೆ ನಗು ತಡೆಯಲಾರದೆ ಹೊಲಿಗೆ ಮಷೀನಿನ ಮೇಲೆ ತಲೆಯಿಟ್ಟಳು. "ಇದು ಮೀನಿನ ಮೈಮ್ಯಾಲಿನ ಹುರುಪಿ. ನಮ್ಮ ಮನ್ಯಾಗ ಪ್ರತಿ ಐತಾರ ಇದನ್ನ ಗುಡಿಸಿ ಒಗೀತೇನಿ."

ಇದೆಲ್ಲ ಗುರುಪಾದಪ್ಪನಿಗೆ ತಿಳಿದದ್ದು ಆಮೇಲೆ. ಮರುದಿನ ಮುಂಜಾನೆ ಅವನು ಎಂದಿನಂತೆ ಪೂಜೆಗೆ ಕೂತಿದ್ದ. ಎಡ ಅಂಗೈಯ ಮೇಲೆ ಲಿಂಗ, ಅದರ ಮೇಲೆ ಒಂದು ಪತ್ರಿ. ಗೌರವ್ವ ಎದುರಿಗೆ ಬಂದು ನಿಂತಳು. ಪೂಜೆಯ ಹೊತ್ತಿನಲ್ಲಿ ಅವಳು ಎಂದೂ ಮಾತಾಡಿಸಿದವಳಲ್ಲ.

"ಲಿಂಗ ಅಂಗೈಯಾಗ ಐತಿ. ಈಗ ಹೇಳ್ರಿ. ಗೋವಾದಾಗ ಏನ ಮಾಡ್ತೀರಿ?"

ಕೈಯಲ್ಲಿ ಲಿಂಗ ಇಟ್ಟುಕೊಂಡು ಸುಳ್ಳು ಹೇಳುವಷ್ಟು ಎದೆ ಅವನಿಗಿರಲಿಲ್ಲ. "ಮೀನ ಹಿಡೀತೇನಿ," ಎಂದ.

"ತಿಂತೀರಿ?"

"ಶಿವ ಶಿವಾ. ತಿನ್ನೂದಿಲ್ಲ. ಹಿಡದು ಬಿಡತೇನಿ."

ಅವಳಿಗೆ ಅರ್ಥವಾಗಲಿಲ್ಲ. ತಿನ್ನುವವರು ಹಿಡಿಯುತ್ತಾರೆ, ತಿನ್ನದವರು ಬಿಡುತ್ತಾರೆ. ಹಿಡಿದು ಬಿಡುವುದು ಯಾವ ಜಾತಿಯ ಕೆಲಸ? ವಿವರಿಸಲು ಅವನು ಬಾಯಿ ತೆರೆದ. ದಾರದ ತುದಿಯ ಟಕ್ ಎಂಬುದು, ಬೆರಳಿಗೆ ತಾಗುವ ಉಸಿರು, ಬಾಲದ ಹೊಡೆತ, ಯಾವುದೂ ಆ ಪೂಜೆಯ ಮಣೆಯ ಮೇಲೆ ಮಾತಾಗಿ ಬರಲಿಲ್ಲ.

"ಬ್ಯಾರೆ ಹೆಂಗಸಿನ ಸಂಗ ಆಗಿದ್ರ ನಾಲ್ಕ ಮಂದಿ ಮುಂದ ಅತ್ತು ಹಗರ ಆಗ್ತಿದ್ದೆ," ಎಂದಳು ಗೌರವ್ವ. ಕಣ್ಣಲ್ಲಿ ನೀರು ಧಾರೆಯಾಗಿತ್ತು. "ಇದನ್ನ ಯಾರ ಮುಂದ ಹೇಳ್ಲಿ? ಆ ಕೈಯಿಂದ ಲಿಂಗ ಮುಟ್ಟಿದ್ರಿ. ಆ ಕೈಯಿಂದ ನನ್ನ ಮುಟ್ಟಿದ್ರಿ. ಇನ್ನ ಗಾಳ, ದಾರ, ಮೀನ ಯಾವದೂ ಮುಟ್ಟೂದಿಲ್ಲ ಅಂತ ಈ ಲಿಂಗದ ಮುಂದ ಹೇಳ್ರಿ. ಇಲ್ಲಾಂದ್ರ ನಾ ತವರಮನಿಗಿ ಹೋಗತೇನಿ."

ಗುರುಪಾದಪ್ಪ ಅಂಗೈ ನೋಡಿಕೊಂಡ. "ಮುಟ್ಟೂದಿಲ್ಲ," ಎಂದ.

ಆಣೆ ಇಟ್ಟ ಮೇಲೆ ಮುರಿಯುವ ಜಾತಿಯವನಲ್ಲ ಅವನು. ಕಾಯ್ತಾನ ಬಾಬ ಬೆಳಗಾವಿಗೆ ಬಂದಾಗಲೆಲ್ಲ ಕರೆಯುತ್ತಿದ್ದರು. ಇವನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಬಾಬ ನಗಲಿಲ್ಲ. ಅವರೂ ದೇವರಿಗೆ ಹೆದರುವವರೇ. ಭುಜ ತಟ್ಟಿದರು.

ಆದರೆ ಆಣೆ ಕೈಯನ್ನು ಕಟ್ಟೀತು, ಮನಸ್ಸನ್ನು ಕಟ್ಟೀತೇ? ದೀಪಾವಳಿ ಬಂತೆಂದರೆ ಗುರುಪಾದಪ್ಪನಿಗೆ ಅನ್ನ ರುಚಿಸುತ್ತಿರಲಿಲ್ಲ. ಲೇಥಿನ ಮೇಲೆ ಕೆಲಸ ಮಾಡುತ್ತಿರುವಾಗ ಎಲ್ಲಿಂದಲೋ ಕರ್ರ್ ಸದ್ದು ಕೇಳಿದಂತಾಗಿ ಥಟ್ಟನೆ ತಲೆ ಎತ್ತುತ್ತಿದ್ದ. ನೋಡಿದರೆ ಪಕ್ಕದ ಮೇಜಿನವನು ಬೋಲ್ಟು ಬಿಗಿಯುತ್ತಿರುತ್ತಿದ್ದ. ಖಾನಾಪುರ ಟೇಷನ್ನಿನಲ್ಲಿ ವಾಸ್ಕೋ ಗಾಡಿ ನಿಂತಾಗ ಕೆಲಸವಿಲ್ಲದಿದ್ದರೂ ಪ್ಲಾಟ್‌ಫಾರ್ಮಿಗೆ ಹೋಗಿ ನಿಲ್ಲುತ್ತಿದ್ದ. ಹಮಾಲರು ಮೀನಿನ ಬುಟ್ಟಿ ಇಳಿಸುತ್ತಿದ್ದರು. ಬರ್ಫಿನ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸಿನಲ್ಲಿ ಸೀಟು ಬಿಟ್ಟು ಏಳುತ್ತಿದ್ದ ಮನುಷ್ಯ ಈಗ ಬುಟ್ಟಿಯ ಬಾಜು ನಿಂತು ಮೂಗಿನ ತುಂಬ ಉಸಿರೆಳೆದುಕೊಳ್ಳುತ್ತಿದ್ದ. ಬುಟ್ಟಿಯಲ್ಲಿ ಸತ್ತು ಮಲಗಿದ ಮೀನು ಕಂಡರೆ ಮುಖ ತಿರುಗಿಸುತ್ತಿದ್ದ; ಮತ್ತೆ ತಿರುಗಿ ನೋಡುತ್ತಿದ್ದ.

ರವಿವಾರ ಜುಲೇಖಾಳ ಗಂಡ ಅಮೀನಸಾಬ ಮಲಪ್ರಭೆಗೆ ಗಾಳ ಹಾಕಲು ಹೋದರೆ ಗುರುಪಾದಪ್ಪನೂ ಜೊತೆಗೆ ಹೋಗಿ ಒಂದು ಮಾರು ದೂರ ಕೂಡುತ್ತಿದ್ದ. ಗಾಳ ಮುಟ್ಟುತ್ತಿರಲಿಲ್ಲ, ಎರೆಹುಳದ ಡಬ್ಬಿ ಕೂಡ ಸರಿಸುತ್ತಿರಲಿಲ್ಲ. ದಾರ ಅಲುಗಿದರೆ ಸಾಕು, "ಎಳೀಬ್ಯಾಡ ಅಮೀನಣ್ಣ, ಓಡ್ಲಿ, ಓಡ್ಲಿ" ಎಂದು ಮೈಮೇಲೆ ಬಂದವರ ಹಾಗೆ ಆಡುತ್ತಿದ್ದ.

"ಗೇಣುದ್ದದ ಮೀನ ಎಲ್ಲಿಗಿ ಓಡೀತು?" ಎನ್ನುತ್ತಿದ್ದ ಅಮೀನಸಾಬ. "ಇದು ನೆಟ್ಟಗ ನಮ್ಮ ಗಡಿಗಿಗಿ ಬರೂ ಮೀನ."

ಒಂದು ರವಿವಾರ ಗೌರವ್ವ ಬಟ್ಟೆ ಒಗೆಯಲು ಹೊಳೆಗೆ ಬಂದವಳು ಕಲ್ಲಿನ ಮರೆಯಿಂದ ಇದನ್ನು ಕಂಡಳು. ಅಮೀನಸಾಬ ದಾರ ಸುತ್ತುತ್ತಿದ್ದ. ಇತ್ತ ಮಾರು ದೂರದಲ್ಲಿ ಕೂತ ಅವಳ ಗಂಡನ ಬಲಗೈ, ಏನನ್ನೂ ಹಿಡಿಯದೆ, ಗಾಳಿಯಲ್ಲಿ ತಾನೂ ಸುತ್ತುತ್ತಿತ್ತು. ಅವಳು ಒಗೆದ ಬಟ್ಟೆ ಹಿಂಡದೆಯೇ ಬುಟ್ಟಿಗೆ ಹಾಕಿಕೊಂಡು ಮನೆಗೆ ಹೋದಳು. ಅಂದಿನಿಂದ ಗಂಡ ಕಿಟಕಿಯಾಚೆ ನೋಡುತ್ತ ಕೂತರೆ ಅವಳು ಬಯ್ಯುವುದನ್ನು ಬಿಟ್ಟಳು.

ಎಂಬತ್ತರ ದಶಕವೂ ಅರ್ಧ ಸವೆಯಿತು. ವರ್ಕ್‌ಶಾಪು ಆಟೋ ನಗರಕ್ಕೆ ಹೋಗಿತ್ತು. ಕಾಯ್ತಾನ ಬಾಬ ಅದನ್ನು ಹುಡುಕಿಕೊಂಡು ಬಂದರು. ಕೂದಲೆಲ್ಲ ಬೆಳ್ಳಗಾಗಿತ್ತು, ಮೊಣಕಾಲು ಹಿಡಿದಿತ್ತು. "ದೋಣಿ ಮಾರುತ್ತಿದ್ದೇನೆ ಗುರುಪಾದ. ಬರುವ ತಿಂಗಳು ಅದು ಬೇರೆಯವರದು. ಒಮ್ಮೆ ಬಂದು ಕೂತು ಹೋಗು, ಏನೂ ಮುಟ್ಟಬೇಡ," ಎಂದರು. ಗುರುಪಾದಪ್ಪ ನೋಡೋಣ ಎಂದ. ಮನೆಯಲ್ಲಿ ತುಟಿ ಎರಡು ಮಾಡಲಿಲ್ಲ. ಆದರೆ ರವಿವಾರ ಹೊಳೆಯ ದಂಡೆಯಲ್ಲಿ ಅಮೀನಸಾಬನ ಮುಂದೆ ಹೇಳಿ ಕಣ್ಣೊರೆಸಿಕೊಂಡ. ಅಮೀನಸಾಬ ಜುಲೇಖಾಳಿಗೆ ಹೇಳಿದ. ಜುಲೇಖಾಳಿಗೆ ತಿಳಿದದ್ದು ಗೌರವ್ವನಿಗೆ ತಿಳಿಯಲು ಒಂದು ಗೋಡೆ ದಾಟಿದರೆ ಸಾಕು.

ಮರುದಿನ ಅವನು ಕೆಲಸದಿಂದ ಬಂದಾಗ ಗೌರವ್ವ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟುತ್ತಿದ್ದಳು.

"ಎಲ್ಲಿಗಿ?" ಎಂದ.

"ಗೋವಾಕ್ಕ. ನಾನೂ ಬರತೇನಿ."

"ಗೌರಿ, ನಾ ಆಣಿ ಮಾಡೇನಿ."

"ಮುಟ್ಟೂದಿಲ್ಲ ಅಂದೀರಿ. ನೋಡೂದಿಲ್ಲ ಅಂದಿಲ್ಲಲ್ಲ," ಎಂದಳು ಅವಳು, ಗಂಟಿನಿಂದ ತಲೆ ಎತ್ತದೆ. "ನನಗೂ ನೋಡೂದೈತಿ, ಅಂಥಾದ್ದೇನೈತಿ ಅಲ್ಲಿ."

ದೋಣಿಯಲ್ಲಿ ಗೌರವ್ವ ಮೂಗಿಗೆ ಸೆರಗು ಒತ್ತಿಕೊಂಡು ಹಲಗೆಯ ನಟ್ಟನಡುವೆ ಕೂತಳು. ಗುರುಪಾದಪ್ಪ ಈ ಸಲ ಕರಡಿಗೆಯನ್ನು ಬೆನ್ನಿಗೆ ಹಾಕಿಕೊಳ್ಳಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಮಾಸ್ತರು ಶಿಕ್ಷೆ ಕೊಟ್ಟ ಹುಡುಗನ ಹಾಗೆ ಕೂತಿದ್ದ. ಆದರೆ ಕಣ್ಣು? ಇಷ್ಟು ವರ್ಷ ಎಲ್ಲಿದ್ದವೋ ಆ ಕಣ್ಣು. ಅದೇ ಬಂಡೆ, ಅದೇ ನೀರಿನ ಇಳಿತ. ಗಾಳಿ ಮುಖಕ್ಕೆ ಬಡಿದಾಗ ಅವನು ಗೌರವ್ವನ ಕಡೆ ತಿರುಗದೆಯೇ ಕಣ್ಣೀರಿಟ್ಟ. ಅವಳಿಗೆ ಕಂಡಿತು.

ಬಾಬ ಗಾಳ ಎಸೆದು, ಕೋಲನ್ನು ದೋಣಿಯ ಅಂಚಿನ ಕೊಳವೆಯಲ್ಲಿ ಸಿಕ್ಕಿಸಿ, ಚುಕ್ಕಾಣಿಯ ಹತ್ತಿರ ಹೋಗಿ ಕೂತರು. ಇಂಜಿನ್ನು ಮೆಲ್ಲಗೆ ನಡೆಯುತ್ತಿತ್ತು. ಬಂಡೆಗೆ ತಾಗದಂತೆ ದೋಣಿಯನ್ನು ಹಿಡಿದಿರಬೇಕಿತ್ತು. ಆಗಲೇ ಕೋಲು ಬಿಲ್ಲಿನ ಹಾಗೆ ಬಾಗಿ ರೀಲು ಅರಚಿತು.

"ಹಿಡಿ, ಗುರುಪಾದ, ಹೋಯಿತು," ಎಂದು ಬಾಬ ಕೂಗಿದರು. ಚುಕ್ಕಾಣಿ ಬಿಟ್ಟರೆ ದೋಣಿ ಬಂಡೆಗೆ ಹೋಗುತ್ತಿತ್ತು. ಅವರಿಗೆ ಆ ಗಳಿಗೆಯಲ್ಲಿ ಆಣೆಯ ನೆನಪೇ ಇರಲಿಲ್ಲ.

ಗುರುಪಾದಪ್ಪನ ಕೈ ತೊಡೆಯ ಕೆಳಗಿನಿಂದ ತಾನೇ ಹೊರಬಂತು. ಕೋಲಿಗೆ ಇನ್ನು ಒಂದು ಗೇಣು. ಅಲ್ಲೇ ನಿಂತಿತು. ಹಿಂದೆ ಬಂದು ಎದೆಯ ಮೇಲಿನ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಕೊಳವೆಯಿಂದ ಕೋಲು ಕಿತ್ತುಕೊಂಡು ಮೇಲೇಳುತ್ತಿತ್ತು. ಅವನ ಬಾಯಿಂದ ಒಂದು ಸಣ್ಣ ನರಳಿಕೆ ಬಂತು.

ಗೌರವ್ವ ಮೂಗಿನ ಸೆರಗು ಬಿಟ್ಟಳು. ಎರಡೂ ಕೈಯಿಂದ ಕೋಲನ್ನು ಅವುಚಿ ಹಿಡಿದಳು.

"ಏನ ಮಾಡ್ಲಿ? ಹೇಳ್ರಿ. ಲಗೂನ ಹೇಳ್ರಿ."

"ಎಳೀಬ್ಯಾಡ," ಎಂದ ಅವನು. "ಓಡ್ಲಿ ಬಿಡು. ಕೋಲ ಮ್ಯಾಲ ಇಡು. ಹಾಂ, ಹಂಗ. ಈಗ ನಿಂತಿತು, ನೋಡು. ಈಗ ಸುತ್ತು. ಸಾಕು. ಮತ್ತ ಓಡತೈತಿ, ಬಿಡು."

"ಜೀವ ಐತ್ರಿ ಇದರಾಗ," ಎಂದಳು ಗೌರವ್ವ. ಅವಳ ಮುಖ ಬೇರೆಯಾಗಿತ್ತು. "ಕೈಯಾಗ ಬಡಕೊಳ್ಳಾಕತ್ತೈತಿ."

"ಹೂಂ," ಎಂದ ಗುರುಪಾದಪ್ಪ. "ಗೊತ್ತೈತಿ."

ಅವಳ ಸೀರೆ ತೋಯ್ದು ತೊಪ್ಪೆಯಾಯಿತು, ಬಳೆ ಒಂದು ಒಡೆಯಿತು. ಅವನು ಒಂದು ಗೇಣು ದೂರದಲ್ಲಿ ಮೊಣಕಾಲೂರಿ, ಅವಳ ಕೈ ಎತ್ತ ಹೋದರೆ ತನ್ನ ಭುಜವನ್ನೂ ಅತ್ತ ಬಾಗಿಸುತ್ತ, ಮಾತಿನಲ್ಲೇ ಆ ಮೀನನ್ನು ಹತ್ತಿರ ತಂದ. ಅದು ದೋಣಿಯ ಬಾಜು ತೇಲಿದಾಗ ಇಬ್ಬರೂ ಏದುಸಿರು ಬಿಡುತ್ತಿದ್ದರು. ಅಷ್ಟು ದೊಡ್ಡ ಚೊಣಕ ಅವನ ಕೈಗೂ ಎಂದೂ ಸಿಕ್ಕಿರಲಿಲ್ಲ. ಬಾಬ ಬಂಡೆಯಿಂದ ದೋಣಿ ದೂರ ತಂದು, ಎದ್ದು ಬರಲು ಹೋದರು.

"ಬ್ಯಾಡ್ರಿ," ಎಂದಳು ಗೌರವ್ವ. "ನಾನಽ ಬಿಡತೇನಿ." ಗಂಡನ ಕಡೆ ನೋಡಿದಳು. "ಹೆಂಗ?"

"ಮದ್ಲ ಕೈ ತೋಯಿಸ್ಕೋ."

ಮೀನಿನ ಬುಟ್ಟಿ ಹಾದ ದಾರಿಯನ್ನೂ ತುಳಿಯದ ಮನೆತನದ ಹೆಣ್ಣುಮಗಳು ಮೊಣಕೈ ತನಕ ಕೈ ತೋಯಿಸಿಕೊಂಡಳು. ಅವನು ಹೇಳಿದ ಹಾಗೆ ಗಾಳ ತಿರುಗಿಸಿ ತೆಗೆದಳು. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ತಲೆಯನ್ನು ನೀರು ಬರುವ ಕಡೆ ಹಿಡಿದಳು. ಎಳೆಗೂಸನ್ನು ಎರೆಯುವಾಗ ಹಿಡಿದಂತೆ ಹಿಡಿದಿದ್ದಳು. ಅದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಲಿಲ್ಲ. ಸ್ವಲ್ಪ ಹೊತ್ತು ಅದು ಅವಳ ಕೈಯಲ್ಲಿ ಉಸಿರಾಡಿತು. ಆಮೇಲೆ ಬಾಲ ಬೀಸಿತು. ನೀರು ಅವಳ ಮುಖಕ್ಕೆ ಬಡಿಯಿತು. ಹೋಯಿತು.

ಗೌರವ್ವ ಬರಿದಾದ ಕೈ ನೋಡುತ್ತ ಹಾಗೇ ಕೂತಳು. ಕಣ್ಣಿನ ನೀರು ಯಾವುದು, ಸಮುದ್ರದ್ದು ಯಾವುದು ತಿಳಿಯುವಂತಿರಲಿಲ್ಲ.

"ಇಷ್ಟ ವರ್ಷ ಇದನ್ನ ನಿಮ್ಮ ಕೈಯಾಗಿಂದ ಕಸಗೊಂಡ ಕುಂತಿದ್ನಲ್ಲ ನಾ," ಎಂದಳು. "ಇನ್ನೊಮ್ಮೆ ಗಾಳ ಹಾಕ್ರಿ. ನೀವ ಹಿಡೀರಿ. ಆಣಿ ಹಾಕಿದಾಕಿ ನಾ, ನಾನಽ ತಗದೆ."

ಗುರುಪಾದಪ್ಪ ಕೋಲಿನ ಕಡೆ ನೋಡಿದ. ರೀಲಿನ ಮೇಲೆ ಬಿಸಿಲು ಬಿದ್ದಿತ್ತು. ಒಳಗೆ ಅವನೇ ಕಡೆದ ಗಾಲಿ ಇತ್ತು.

"ಅಂದಿದ್ದು ನಾ, ಗೌರಿ," ಎಂದ ಮೆಲ್ಲಗೆ. "ಲಿಂಗದ ಮುಂದ ಅಂದಿದ್ದು. ಅದನ್ನ ನೀ ತಗ್ಯಾಕ ಬರೂದಿಲ್ಲ."

ಗೌರವ್ವ ಬಿಕ್ಕಿ ಬಿಕ್ಕಿ ಅತ್ತಳು. ಕಾಯ್ತಾನ ಬಾಬ ಮುಖ ಅತ್ತ ತಿರುಗಿಸಿದರು. ಗುರುಪಾದಪ್ಪ ಮುಂದೆ ಸರಿದು ಅವಳ ಎರಡೂ ಕೈಗಳನ್ನು ತನ್ನ ಕೈಗೆ ತೆಗೆದುಕೊಂಡ. ಅವು ತಣ್ಣಗೆ, ಜಾರುಜಾರಾಗಿ, ಉಪ್ಪುಪ್ಪಾಗಿ ಇದ್ದವು. ಮೀನು ಮುಟ್ಟುವುದಿಲ್ಲ ಎಂದಿದ್ದ. ಮೀನು ಮುಟ್ಟಿದ ಕೈಯನ್ನು ಮುಟ್ಟುವುದಿಲ್ಲ ಎಂದಿರಲಿಲ್ಲ. ಆ ಅಂಗೈಗಳಲ್ಲಿ ಮುಖವಿಟ್ಟು ಮೂಗಿನ ತುಂಬ ಉಸಿರೆಳೆದುಕೊಂಡ. ದೋಣಿ ದಂಡೆಗೆ ತಿರುಗಿದರೂ ಮುಖ ಎತ್ತಲಿಲ್ಲ.

ವಾಸ್ಕೋದ ನಲ್ಲಿಯ ಹತ್ತಿರ ಬಾಬ ಸಾಬೂನು ತಂದುಕೊಟ್ಟರು. ಗೌರವ್ವ ಬೇಡ ಎಂದಳು. ಗಾಡಿಯಲ್ಲಿ ಗಂಡನ ಬಾಜು ಕೂತು ಕೈಗಳನ್ನು ಅವನ ಕೈಯಲ್ಲೇ ಬಿಟ್ಟಿದ್ದಳು. ತೊಳೆಯದ ಕೈಯಿಂದ ರೊಟ್ಟಿ ಮುಟ್ಟುವಂತಿರಲಿಲ್ಲ, ಹಾಗಾಗಿ ಗಂಟು ಕಟ್ಟಿದ್ದು ಕಟ್ಟಿದ ಹಾಗೇ ಖಾನಾಪುರಕ್ಕೆ ವಾಪಸು ಬಂತು.